ನಕ್ಷತ್ರವಿಲ್ಲದ ಹನ್ನೊಂದು ಸಾಲು

“ಗುರುಗಳೇ, ಪೂರ್ತಿಯಿಲ್ಲದ ಸಾಲನ್ನು ಏನು ಮಾಡಬೇಕು?” ಎಂದು ಮರುಳಸಿದ್ಧ ಕೇಳಿದ.

ಗುರುಗಳು ಬೆಳಗಿನ ಪೂಜೆ ಮುಗಿಸಿ ಮಠದ ಜಗುಲಿಗೆ ಬಂದು ಕುಳಿತಿದ್ದರು. “ಯಾವ ಸಾಲು?” ಎಂದರು.

ಮರುಳಸಿದ್ಧ ಸಣ್ಣವನಿದ್ದಾಗಲೇ ಆ ಮಠಕ್ಕೆ ಬಂದವನು. ಅಲ್ಲೇ ಉಂಡು, ಅಲ್ಲೇ ಓದಿ, ಈಗ ಮಠದ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಆ ವರ್ಷ ಬಂದ ಅರ್ಜಿಗಳನ್ನು ವಿಂಗಡಿಸುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅರ್ಜಿಗಳೆಲ್ಲ ಒಂದು ಫೈಲಿನಲ್ಲಿದ್ದವು. ಒಂದು ಮಗುವಿಗೆ ಒಂದು ಸಾಲು. ಸಾಲಿನಲ್ಲಿ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ಓದಿದ ತರಗತಿ.

“ಫೈಲನ್ನು ಓದಿ, ಬೇಕಾದ ಸಾಲುಗಳನ್ನು ಆರಿಸಿಕೊಡುವ ಒಂದು ಪ್ರೋಗ್ರಾಂ ಬರೆದಿದ್ದೇನೆ ಗುರುಗಳೇ. ಆದರೆ ಕೆಲವು ಸಾಲುಗಳಲ್ಲಿ ವಿವರ ಪೂರ್ತಿ ಇಲ್ಲ. ಅಲ್ಲಿಗೆ ಬಂದ ಕೂಡಲೇ ಎಡವಿ ನಿಂತುಬಿಡುತ್ತದೆ. ಅಂಥ ಸಾಲು ಬಂದರೆ ಬಿಟ್ಟು ಮುಂದೆ ಹೋಗು ಎಂದು ಒಂದು ಮಾತು ಸೇರಿಸಿದರೆ ಕೆಲಸ ಮುಗಿಯಿತು. ಸೇರಿಸಲೇ?”

“ಸೇರಿಸಿದರೆ ಓಡುತ್ತದೆಯೋ?”

“ಸರಾಗವಾಗಿ ಓಡುತ್ತದೆ.”

“ಹಾಗಿದ್ದರೆ ಸ್ವಲ್ಪ ಹೊತ್ತು ಕೂತುಕೋ. ಒಬ್ಬ ಮೇಷ್ಟ್ರು ಬರೆದದ್ದೂ ಹೀಗೇ ಸರಾಗವಾಗಿ ಓಡಿತ್ತು,” ಎಂದು ಗುರುಗಳು ಹೇಳತೊಡಗಿದರು.

ಒಂದು ಊರು, ಊರಿನ ಪಕ್ಕದಲ್ಲಿ ಗುಡ್ಡ, ಗುಡ್ಡದ ಮೇಲೆ ಅಮ್ಮನವರ ಗುಡಿ. ಆ ಗುಡಿಯಲ್ಲಿ ಒಂದು ನಡವಳಿಕೆ ಇತ್ತು. ಭಕ್ತರು ತಮ್ಮ ಹೆಸರನ್ನು ಗುಡಿಯ ಪುಸ್ತಕದಲ್ಲಿ ಬರೆಸುತ್ತಿದ್ದರು. ಹೆಸರಿನ ಮುಂದೆ ಜನ್ಮನಕ್ಷತ್ರ, ಅದರ ಮುಂದೆ ಗೋತ್ರ. ಯಾರ ನಕ್ಷತ್ರ ಯಾವ ದಿನ ಬರುತ್ತದೋ ಆ ದಿನ ಬೆಳಗಿನ ಕುಂಕುಮಾರ್ಚನೆಯಲ್ಲಿ ಅರ್ಚಕರು ಅವರ ಹೆಸರು ಹಿಡಿದು ಹೇಳುತ್ತಿದ್ದರು. ಅಶ್ವಿನಿಯ ದಿನ ಅಶ್ವಿನಿಯವರು, ಭರಣಿಯ ದಿನ ಭರಣಿಯವರು. ಇಪ್ಪತ್ತೇಳು ನಕ್ಷತ್ರ ಒಂದು ಸುತ್ತು ಬರುವುದರೊಳಗೆ ಪುಸ್ತಕದಲ್ಲಿರುವ ಎಲ್ಲರ ಹೆಸರೂ ಒಂದು ಸಲ ತಾಯಿಯ ಕಿವಿಗೆ ಬೀಳುತ್ತದೆ ಎಂದು ಜನ ನಂಬಿದ್ದರು. ಗುಡಿಗೆ ಮೈಕು ಬಂದ ಮೇಲೆ ಕೆಳಗಿನ ಊರಿಗೂ ಅದು ಕೇಳಿಸುತ್ತಿತ್ತು. ಹೊಲಕ್ಕೆ ಹೊರಟವರು ತಮ್ಮ ಹೆಸರು ಬಂದರೆ ದಾರಿಯಲ್ಲೇ ನಿಂತು, ಗುಡ್ಡದ ಕಡೆ ತಿರುಗಿ ಕೈಮುಗಿದು ಮುಂದೆ ಹೋಗುತ್ತಿದ್ದರು.

ನಲವತ್ತು ವರ್ಷ ಆ ಪುಸ್ತಕ ಒಬ್ಬರೇ ಅರ್ಚಕರ ಕೈಯಲ್ಲಿತ್ತು. ಹೆಸರುಗಳು ಬರೆಸಿದ ಕ್ರಮದಲ್ಲಿದ್ದವೇ ಹೊರತು ನಕ್ಷತ್ರದ ಕ್ರಮದಲ್ಲಿರಲಿಲ್ಲ. ಅರ್ಚಕರು ದಿನಾ ಬೆಳಗ್ಗೆ ಪುಟದ ಮೇಲೆ ಬೆರಳಾಡಿಸುತ್ತ ಆ ದಿನದವರನ್ನು ಆರಿಸಿ ಹೇಳುತ್ತಿದ್ದರು. ಬರಬರುತ್ತ ಅವರಿಗೆ ಅದೆಲ್ಲ ಬಾಯಿಪಾಠವೇ ಆಗಿತ್ತು. ಒಂದು ಮಾಘ ಮಾಸದಲ್ಲಿ ಅವರು ತೀರಿಕೊಂಡರು. ಅವರ ತಂಗಿಯ ಮಗ ಬೇರೆ ಊರಿನಿಂದ ಬಂದು ಪೂಜೆಗೆ ನಿಂತರು.

ಹೊಸ ಅರ್ಚಕರಿಗೆ ಪುಸ್ತಕವೂ ಹೊಸದು, ಊರೂ ಹೊಸದು. ರೋಹಿಣಿಯವರನ್ನು ಹುಡುಕಿ ಮುಗಿಸುವಷ್ಟರಲ್ಲಿ ಮಂಗಳಾರತಿಯ ಹೊತ್ತು ಮೀರಿರುತ್ತಿತ್ತು. ಹತ್ತು ಹೆಸರು ಹೇಳಿದರೆ ಎರಡು ಬಿಟ್ಟುಹೋಗುತ್ತಿದ್ದವು. ಬಿಟ್ಟುಹೋದವರು ಗುಡ್ಡ ಹತ್ತಿ ಬಂದು, “ನಮ್ಮ ಹೆಸರೇನು ಕಹಿಯಾಯಿತೇ ಸ್ವಾಮಿ?” ಎಂದು ಜಗಳ ತೆಗೆಯುತ್ತಿದ್ದರು. ಒಂದು ವಾರದಲ್ಲಿ ಅರ್ಚಕರು ಹೈರಾಣಾಗಿಹೋದರು.

ಆ ಊರಿನ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ದೈವಭಕ್ತರು, ಕೆಲಸದಲ್ಲಿ ಅಚ್ಚುಕಟ್ಟು. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಸೊಟ್ಟಗೆ ಬಿದ್ದರೂ ಅವರಿಗೆ ಮನಸ್ಸು ತಡೆಯುತ್ತಿರಲಿಲ್ಲ. ಅವರು ಅರ್ಚಕರ ಪಾಡು ನೋಡಿ, “ಪುಸ್ತಕ ನನಗೆ ಕೊಡಿ. ಯಾರೂ ಜಗಳಕ್ಕೆ ಬರದ ಹಾಗೆ ಮಾಡಿಕೊಡುತ್ತೇನೆ,” ಎಂದರು.

ಮೇಷ್ಟ್ರು ಐದು ದಿನ ಕುಳಿತು ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದರು. ಪುಸ್ತಕದಲ್ಲಿ ಹೇಗಿತ್ತೋ ಹಾಗೆಯೇ ಬರೆದರು. ಒಬ್ಬರಿಗೆ ಒಂದು ಸಾಲು. ಹೆಸರು, ನಕ್ಷತ್ರ, ಗೋತ್ರ, ನಡುನಡುವೆ ಅಲ್ಪವಿರಾಮ. ಕೆಲವು ಕಡೆ ಸಾಲುಗಳ ಮೇಲೆ ಕುಂಕುಮ ಮೆತ್ತಿಕೊಂಡು ಹೆಸರಿನ ಕೊನೆಯ ಅಕ್ಷರ ಮಸುಕಾಗಿತ್ತು. ಪೂಜೆಯ ಪುಸ್ತಕ, ಕುಂಕುಮ ಬಿದ್ದಿರುವುದು ಸಹಜ ಎಂದುಕೊಂಡು ಮೇಷ್ಟ್ರು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ, ಓದಿ, ಬರೆದುಕೊಂಡರು.

ಆಮೇಲೆ ಪ್ರೋಗ್ರಾಂ ಬರೆದರು. ದೊಡ್ಡದೇನೂ ಅಲ್ಲ, ಅಂಗೈಯಗಲದ್ದು. ಫೈಲು ತೆರೆ. ಒಂದೊಂದೇ ಸಾಲು ಓದು. ಅಲ್ಪವಿರಾಮ ಇರುವ ಕಡೆ ಸಾಲನ್ನು ಒಡೆ. ಎರಡನೆಯ ತುಂಡು ಇಂದಿನ ನಕ್ಷತ್ರವಾಗಿದ್ದರೆ ಹೆಸರನ್ನು ಕಾಗದಕ್ಕೆ ಇಳಿಸು. ಅಲ್ಲದಿದ್ದರೆ ಮುಂದಿನ ಸಾಲಿಗೆ ಹೋಗು. ಇಷ್ಟೇ.

ಓಡಿಸಿದರು. ನೂರಾರು ಸಾಲು ನೆಟ್ಟಗೆ ಹೋಗಿ ಒಂದು ಕಡೆ ಪ್ರೋಗ್ರಾಂ ನಿಂತಿತು. ಎರಡನೆಯ ತುಂಡು ಸಿಗುತ್ತಿಲ್ಲ ಎಂದು ತಕರಾರು ಬಂತು. ಮೇಷ್ಟ್ರು ಆ ಸಾಲನ್ನು ನೋಡಿದರು. ಅಲ್ಲಿ ಒಂದು ಹೆಸರಿತ್ತು, ಅದರ ಮುಂದೆ ಏನೂ ಇರಲಿಲ್ಲ. ಬರೆಯುವಾಗ ತಾವೇ ಬಿಟ್ಟೆವೇನೋ ಎಂದು ಪುಸ್ತಕ ತೆಗೆದು ನೋಡಿದರು. ಪುಸ್ತಕದಲ್ಲೂ ಅಷ್ಟೇ ಇತ್ತು. ನಕ್ಷತ್ರವೇ ಇಲ್ಲದ ಮೇಲೆ ಇದು ಯಾವ ದಿನದ ಪಟ್ಟಿಗೂ ಸೇರುವುದಿಲ್ಲವಲ್ಲ ಎಂದುಕೊಂಡು, ಎರಡನೆಯ ತುಂಡು ಇಲ್ಲದಿದ್ದರೆ ಆ ಸಾಲನ್ನು ಬಿಡು ಎಂದು ಒಂದು ಮಾತು ಸೇರಿಸಿದರು. ಕಾಫಿ ಆರುವುದರೊಳಗೆ ಅದು ಮುಗಿದುಹೋಯಿತು. ಪ್ರೋಗ್ರಾಂ ಮತ್ತೆ ಎಲ್ಲಿಯೂ ನಿಲ್ಲಲಿಲ್ಲ.

ಮೇಷ್ಟ್ರು ಅಷ್ಟಕ್ಕೇ ಕೈತೊಳೆದುಕೊಳ್ಳುವವರಲ್ಲ. ಇಪ್ಪತ್ತೇಳು ನಕ್ಷತ್ರಕ್ಕೂ ಒಂದೊಂದು ಪಟ್ಟಿ ತೆಗೆದು, ಪ್ರತಿಯೊಂದು ಹೆಸರನ್ನೂ ಪುಸ್ತಕದ ಜೊತೆಗೆ ಇಟ್ಟು ನೋಡಿದರು. ಸ್ವಾತಿಯ ಪಟ್ಟಿಯಲ್ಲಿದ್ದವರೆಲ್ಲ ಸ್ವಾತಿಯವರೇ. ಮೂಲಾದ ಪಟ್ಟಿಯಲ್ಲಿದ್ದವರೆಲ್ಲ ಮೂಲಾದವರೇ. ಎಲ್ಲಿಯೂ ಒಂದು ಹೆಸರು ಅದಲುಬದಲಾಗಿರಲಿಲ್ಲ. ಅವರು ಆ ದಿನ ನೆಮ್ಮದಿಯಿಂದ ಉಂಡರು.

ಮರುದಿನದಿಂದ ಅರ್ಚಕರಿಗೆ ಬೆಳಗಾಗುವುದರೊಳಗೆ ಅಂದಿನ ಪಟ್ಟಿ ಸಿಗುತ್ತಿತ್ತು. ಅವರು ಅದನ್ನು ನೋಡಿಕೊಂಡು ಗಂಟಲು ಬಿಟ್ಟು ಹೇಳುತ್ತಿದ್ದರು. ಜಗಳ ನಿಂತಿತು. ಒಂದು ಸುತ್ತು ನಕ್ಷತ್ರ ಮುಗಿದಾಗ, “ಈ ಸಲ ಯಾರ ಹೆಸರೂ ತಪ್ಪಲಿಲ್ಲ. ಎಲ್ಲ ಮೇಷ್ಟ್ರ ಪುಣ್ಯ,” ಎಂದು ಅರಳಿಕಟ್ಟೆಯಲ್ಲಿ ಜನ ಮಾತಾಡಿಕೊಂಡರು. ಮೇಷ್ಟ್ರು ಕೇಳಿಯೂ ಕೇಳಿಸದವರಂತೆ ಹೋದರು. ಆದರೆ ಮನಸ್ಸಿಗೆ ಹಿತವಾಯಿತು.

ಒಂದೂವರೆ ತಿಂಗಳು ಕಳೆಯಿತು. ಅಮಾವಾಸ್ಯೆಯ ದಿನ ಗುಡಿಯಲ್ಲಿ ಅನ್ನಸಂತರ್ಪಣೆ. ಮುನ್ನೂರು ಜನ ಉಣ್ಣುತ್ತಾರೆ. ಅದಕ್ಕೆ ಬೇಕಾದ ಮುತ್ತುಗದ ಎಲೆಗಳನ್ನು ಸಣ್ಣೀರಮ್ಮ ಎಂಬ ಹೆಂಗಸು ಹಚ್ಚಿಕೊಡುತ್ತಿದ್ದಳು. ಅವಳಿಗೆ ಅರುವತ್ತರ ಮೇಲಾಗಿತ್ತು. ಎಲೆ ಹಚ್ಚಿಕೊಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಅದಕ್ಕೆ ಏನನ್ನೂ ಕೇಳಿರಲಿಲ್ಲ. ಮೂವತ್ತು ವರ್ಷದಿಂದ ಅಮಾವಾಸ್ಯೆಯ ಹಿಂದಿನ ದಿನ ಎಲೆಯ ಕಟ್ಟು ತಪ್ಪದೆ ಬಂದು ಗುಡಿಯ ಮೆಟ್ಟಿಲ ಬಳಿ ಕೂರುತ್ತಿತ್ತು. ಆ ಸಲ ಬರಲಿಲ್ಲ. ಪೇಟೆಯಿಂದ ಕಾಗದದ ತಟ್ಟೆ ತರಿಸಿ ಊಟ ಮುಗಿಸಿದರು.

ಅರ್ಚಕರು ಮೇಷ್ಟ್ರಿಗೆ, “ನೀವು ಶಾಲೆಗೆ ಹೋಗುವ ದಾರಿಯಲ್ಲೇ ಅವಳ ಮನೆ. ಮೈಗೆ ಹುಷಾರಿಲ್ಲವೋ ಏನೋ, ಒಂದು ಮಾತು ಕೇಳಿಕೊಂಡು ಬನ್ನಿ,” ಎಂದರು.

ಮೇಷ್ಟ್ರು ಹೋದಾಗ ಸಣ್ಣೀರಮ್ಮ ಬಾಗಿಲಲ್ಲಿ ಕುಳಿತು ಎಲೆಯನ್ನೇ ಹಚ್ಚುತ್ತಿದ್ದಳು. ಕಡ್ಡಿ ಚುಚ್ಚಿದ ಎಲೆಗಳು ಪಕ್ಕದಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

“ಏನಮ್ಮಾ, ಈ ಸಲ ಎಲೆ ಬರಲಿಲ್ಲ. ಮೈಗೆ ಹುಷಾರಿಲ್ಲವೇ?”

“ಮೈಗೇನು ಧಾಡಿ? ಗುಂಡುಕಲ್ಲಿನಂಗೈತೆ.”

“ಮತ್ತೆ ಇದೆಲ್ಲ ಯಾರಿಗೆ?”

“ಹೋಟ್ಲಿನೋನು ತಗೊಂಡೋಯ್ತಾನೆ. ಅವನಿಗೆ ನನ್ನ ಹೆಸರು ಬ್ಯಾಡ, ಎಲೆ ಸಾಕು. ಗುಡಿಯೋರು ಹೆಸರು ಕಿತ್ತಾಕಿ ಎಲೆ ಮಾತ್ರ ಕೊಡು ಅಂದ್ರೆ ಹ್ಯಂಗೆ ಮೇಷ್ಟ್ರೇ?”

ಮೇಷ್ಟ್ರಿಗೆ ಅರ್ಥವಾಗಲಿಲ್ಲ. “ಯಾರು ಕಿತ್ತುಹಾಕಿದರು? ಪುಸ್ತಕದಲ್ಲಿದ್ದ ಒಂದು ಹೆಸರನ್ನೂ ನಾನು ಬಿಟ್ಟಿಲ್ಲ. ನಿನ್ನ ಹೆಸರು ಕಂಪ್ಯೂಟರಿನಲ್ಲಿ ಭದ್ರವಾಗಿದೆ.”

“ಭದ್ರವಾಗೇನೋ ಇಟ್ಟೀರಿ. ಪೆಟ್ಟಿಗೇಲಿ ಮಡಗಿದ ಸೀರೆ ಇದ್ದಂಗೆ. ಉಡೋದು ಯಾವಾಗ?”

“ನಿನ್ನ ನಕ್ಷತ್ರ ಬಂದ ದಿನ ಹೇಳುತ್ತಾರಮ್ಮ.”

ಸಣ್ಣೀರಮ್ಮ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. “ಅದ್ಯಾವುದು ಸ್ವಾಮಿ ನನ್ನ ನಕ್ಷತ್ರ? ನಿಮ್ಮ ಪೆಟ್ಟಿಗೆ ಹೇಳ್ತದಾ? ಹೇಳೋದಾದ್ರೆ ಈಗ್ಲೇ ಎದ್ದು ಬತ್ತೀನಿ. ಸಂತೆಮಾಳದಲ್ಲಿ ಗಾಡಿ ಕೆಳಗೆ ಬಿದ್ದಿದ್ದ ಕೂಸು ನಾನು. ಎತ್ತಿಕೊಂಡೋಳಿಗೆ ಯಾವತ್ತು ಎತ್ತಿಕೊಂಡೆ ಅನ್ನೋದೇ ನೆಪ್ಪಿರಲಿಲ್ಲ, ಇನ್ನು ಹುಟ್ಟಿದ್ದು ಯಾವತ್ತು ಅಂತ ಯಾರನ್ನ ಕೇಳನ?”

ಮೇಷ್ಟ್ರು ಅಲ್ಲೇ ಹೊಸ್ತಿಲ ಪಕ್ಕದಲ್ಲಿ ಕುಳಿತರು.

“ಹಳೇ ಅಯ್ನೋರು ದಿನಾ ಕೂಗೋರು,” ಎಂದಳು ಅವಳು. “ಮೆಟ್ಟಿಲ ಹತ್ರ ಕೂತು ಕೇಳ್ಕೊಂಡು, ಆಮೇಲೆ ಎಲೆ ಕೀಳಾಕೆ ಹೋಗ್ತಿದ್ದೆ. ಹೊಸಬರು ಬಂದ್ರು. ಮೊದಮೊದಲು ನಂದೂ ಹೋಯ್ತು, ಇನ್ನೊಬ್ಬರದೂ ಹೋಯ್ತು. ಹೊಸಬರಲ್ವಾ, ಕೈ ಕೂರಲಿ ಅಂತ ಸುಮ್ನಿದ್ದೆ. ಆಮೇಲೆ ನಿಮ್ಮ ಪೆಟ್ಟಿಗೆ ಬಂತು. ಯಾರ ಹೆಸರೂ ತಪ್ಪಲಿಲ್ಲ ಅಂತ ಊರೆಲ್ಲ ಹೊಗಳ್ತು. ಆಗ ಗೊತ್ತಾಯ್ತು ಬಿಡಿ. ಇದು ಮರೆತಿದ್ದಲ್ಲ, ತೆಗೆದಿದ್ದು ಅಂತ.”

ಮೇಷ್ಟ್ರು ಆ ದಿನ ಶಾಲೆಯಲ್ಲಿ ಪಾಠ ಮಾಡಿದರು, ಆದರೆ ಮನಸ್ಸು ಪಾಠದಲ್ಲಿರಲಿಲ್ಲ. ದಿನಾ ಕೂಗುತ್ತಿದ್ದರು ಎಂದಳಲ್ಲ, ಅದು ಅವರಿಗೆ ನಂಬಿಕೆಯಾಗಲಿಲ್ಲ. ನಕ್ಷತ್ರದ ದಿನ ಮಾತ್ರ ಹೆಸರು ಹೇಳುವುದು ಗುಡಿಯ ಕ್ರಮ. ಒಬ್ಬಳಿಗೆ ದಿನಾ ಹೇಗೆ ಹೇಳುತ್ತಾರೆ? ಮೈಕಿನ ಹೆಸರುಗಳನ್ನು ತಮ್ಮ ನಕ್ಷತ್ರದ ದಿನ ಬಿಟ್ಟರೆ ಅವರು ಕಿವಿಗೊಟ್ಟು ಕೇಳಿದವರಲ್ಲ. ವಯಸ್ಸಾದವಳು, ಏನೋ ಕಲ್ಪಿಸಿಕೊಂಡಿದ್ದಾಳೆ ಎಂದುಕೊಂಡರು. ಹಾಗೆಂದುಕೊಂಡರೂ ಸಮಾಧಾನವಾಗಲಿಲ್ಲ.

ಸಂಜೆ ಮನೆಗೆ ಬಂದು ಫೈಲು ತೆರೆದರು. ಅವಳ ಹೆಸರು ಇತ್ತು. ಹೆಸರಿನ ಮುಂದೆ ಏನೂ ಇರಲಿಲ್ಲ.

ಆಗ ಮೇಷ್ಟ್ರು ಹಿಂದೆ ಮಾಡದಿದ್ದ ಒಂದು ಕೆಲಸ ಮಾಡಿದರು. ಫೈಲಿನಲ್ಲಿ ಒಟ್ಟು ಎಷ್ಟು ಸಾಲಿದೆ ಎಂದು ಎಣಿಸಿದರು. ಸಾವಿರದ ಮುನ್ನೂರ ಹನ್ನೆರಡು. ಇಪ್ಪತ್ತೇಳು ಪಟ್ಟಿಗಳಲ್ಲಿರುವ ಹೆಸರುಗಳನ್ನೆಲ್ಲ ಕೂಡಿದರು. ಸಾವಿರದ ಮುನ್ನೂರ ಒಂದು. ಹನ್ನೊಂದು ಕಡಿಮೆ. ಪಟ್ಟಿಯಲ್ಲಿ ಬಂದ ಒಂದೊಂದು ಹೆಸರನ್ನೂ ಅವರು ಕಣ್ಣಿಟ್ಟು ನೋಡಿದ್ದರು. ಬಾರದ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಅದನ್ನು ನೋಡಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ಹನ್ನೊಂದನ್ನೂ ಹೊರಗೆ ತೆಗೆದು ಓದಿದರು. ಕೆರೆಯ ತೂಬು ಕಾಯುವವನು ಒಬ್ಬ. ಬಳೆ ಮಾರುವವಳು ಒಬ್ಬಳು. ಬಹಳ ಹಿಂದೆ ಎಲ್ಲಿಂದಲೋ ಬಂದು ಊರಿನಲ್ಲೇ ಉಳಿದುಕೊಂಡ ಅಣ್ಣತಮ್ಮಂದಿರಿಬ್ಬರು. ಗುಡ್ಡದ ಮೇಲಕ್ಕೆ ಅಭಿಷೇಕದ ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದ್ದ ಗೂಳಯ್ಯ. ಸಣ್ಣೀರಮ್ಮ. ಹೀಗೆ ಹನ್ನೊಂದು ಜನ. ಹುಟ್ಟಿದ ದಿನ ತಿಳಿಯದವರು, ಗೋತ್ರ ಕೇಳಿದರೆ ತಲೆ ತಗ್ಗಿಸುವವರು.

ಮೇಷ್ಟ್ರು ಅರ್ಚಕರ ಮನೆಗೆ ಹೋಗಿ ಹಳೆಯ ಪುಸ್ತಕವನ್ನು ಮತ್ತೆ ಇಸಿದುಕೊಂಡು ಬಂದರು. ಆ ಹನ್ನೊಂದು ಹೆಸರು ಎಲ್ಲೆಲ್ಲಿವೆಯೋ ಅಲ್ಲಲ್ಲಿ ಪುಟ ತೆರೆದರು. ಮೊದಲನೆಯ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಕೆಂಪು ಕಲೆ ಇತ್ತು. ಎರಡನೆಯದರ ಮುಂದೆಯೂ ಇತ್ತು. ಹನ್ನೊಂದರ ಮುಂದೆಯೂ ಇತ್ತು. ಬೇರೆ ಸಾಲುಗಳ ಮುಂದೆ ಇರಲಿಲ್ಲ. ಅವರು ಪುಸ್ತಕವನ್ನು ದೀಪದ ಹತ್ತಿರ ಹಿಡಿದರು. ಅದು ಒಂದು ದಿನ ಚೆಲ್ಲಿದ ಕುಂಕುಮದ ಕಲೆಯಲ್ಲ. ಬೆರಳ ತುದಿಯಷ್ಟೇ ಅಗಲ. ಒತ್ತಿ ಒತ್ತಿ ಕಾಗದ ಅಲ್ಲಿ ತೆಳ್ಳಗಾಗಿತ್ತು. ಒಣಬಟ್ಟೆಯಲ್ಲಿ ಒರೆಸಿದರೂ ಹೋಗದಷ್ಟು ಕೆಂಪು ಒಳಗೆ ಇಳಿದಿತ್ತು.

ಮೇಷ್ಟ್ರಿಗೆ ಆಗ ತಿಳಿಯಿತು. ಇವರ ದಿನ ಯಾವುದು ಎಂದು ಹಳೆಯ ಅರ್ಚಕರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅವರು ಒಂದು ದಿನವನ್ನೂ ಬಿಟ್ಟಿರಲಿಲ್ಲ. ದಿನಾ ಅರ್ಚನೆಯ ಕೈಯಲ್ಲೇ ಆ ಹನ್ನೊಂದು ಸಾಲನ್ನು ಮುಟ್ಟಿ ಹೆಸರು ಹೇಳುತ್ತಿದ್ದರು. ಅದನ್ನು ಎಲ್ಲಿಯೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ. ಪುಸ್ತಕದ ಸಾವಿರದ ಮುನ್ನೂರು ಸಾಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಓದಿದ ಸಾಲುಗಳು ಅವು. ಮೇಷ್ಟ್ರ ಪ್ರೋಗ್ರಾಂ ಬಿಟ್ಟದ್ದೂ ಅವನ್ನೇ.

ಅವರು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತರು. ತಾವು ಸೇರಿಸಿದ್ದ ಆ ಒಂದು ಮಾತನ್ನು ಹುಡುಕಿದರು. ನಕ್ಷತ್ರ ಇಲ್ಲದಿದ್ದರೆ ಸಾಲನ್ನು ಬಿಡು ಎಂದಿತ್ತು. ನಕ್ಷತ್ರ ಇಲ್ಲದಿದ್ದರೆ ದಿನವೂ ಹೇಳು ಎಂದು ತಿದ್ದಿದರು. ಅದರ ಕೆಳಗೆ ಇನ್ನೊಂದು ಮಾತು ಬರೆದರು. ಯಾವ ಸಾಲು ಅರ್ಥವಾಗುವುದಿಲ್ಲವೋ ಅದನ್ನು ಎಸೆಯಬೇಡ, ಬೇರೆ ಒಂದು ಫೈಲಿಗೆ ಹಾಕು, ಅದನ್ನು ನಾನೇ ಓದುತ್ತೇನೆ.

ಮರುದಿನ ರಜೆ. ಮೇಷ್ಟ್ರು ಬೆಳಗ್ಗೆಯೇ ಹೊರಟು ಹನ್ನೊಂದು ಮನೆಗೂ ಹೋದರು. ತಪ್ಪು ನನ್ನದು, ಗುಡಿಯದಲ್ಲ, ನಾಳೆಯಿಂದ ಮೊದಲಿನಂತೆ ನಡೆಯುತ್ತದೆ ಎಂದು ಹೇಳಿದರು. ತೂಬು ಕಾಯುವವನು ನಕ್ಕು, “ಬಿಡಿ ಸ್ವಾಮಿ, ನೀರಿನ ಸದ್ದಿನಲ್ಲಿ ನನಗೆ ಯಾವತ್ತೂ ಸರಿಯಾಗಿ ಕೇಳಿಸೇ ಇಲ್ಲ,” ಎಂದ. ಬಳೆಯವಳು, “ನಾನು ಊರೂರು ತಿರುಗೋಳು, ಇಲ್ಲದಿದ್ದಾಗ ಕೂಗಿರ್ತಾರೆ ಅಂದ್ಕೊಂಡಿದ್ದೆ,” ಎಂದಳು. ಸಣ್ಣೀರಮ್ಮ ಎಲೆ ಹಚ್ಚುವುದನ್ನು ನಿಲ್ಲಿಸದೆ, “ಕೇಳಿದ ಮೇಲೆ ನೋಡನ,” ಎಂದಳು.

ಕಡೆಗೆ ಗೂಳಯ್ಯನ ಮನೆಗೆ ಹೋದರು. ಗೂಳಯ್ಯ ಇರಲಿಲ್ಲ. ತೀರಿಕೊಂಡು ಎಂಟು ದಿನವಾಗಿತ್ತು. ಆ ಬೀದಿಯಲ್ಲಿ ಯಾರೋ ತೀರಿಕೊಂಡರು ಎಂಬ ಸುದ್ದಿ ಮೇಷ್ಟ್ರ ಕಿವಿಗೆ ಬಿದ್ದಿತ್ತು. ಆದರೆ ಅದು ಗೂಳಯ್ಯ ಎಂದು ಅವರಿಗೆ ಬಾಗಿಲಿಗೆ ಬರುವವರೆಗೂ ಗೊತ್ತಿರಲಿಲ್ಲ. ಅವನ ಹೆಂಡತಿ ಹೊರಗೆ ಬಂದು ಚಾಪೆ ಹಾಸಿದಳು. ಮೇಷ್ಟ್ರು ಕೂರಲಿಲ್ಲ. ಬಂದ ವಿಷಯವನ್ನು ನಿಂತೇ ಹೇಳಿದರು.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಎದ್ದ ತಕ್ಷಣ ಕೇಳೋರು, ಇವತ್ತು ಕೂಗಿದ್ರಾ ಅಂತ,” ಎಂದಳು. “ನೀವು ನಿದ್ದೆ ಮಾಡ್ತಿದ್ರಿ, ಆಗ್ಲೇ ಕೂಗಿದ್ರು ಅಂತಿದ್ದೆ. ಹಂಗೇ ತಿಂಗಳು ತಳ್ಳಿದೆ. ಕೊನೇ ದಿನ ಮಾತ್ರ ಅವರು ಮಲಗಲೇ ಇಲ್ಲ. ಇವತ್ತು ನಾನೇ ಕೇಳಿಸ್ಕಂತೀನಿ ಅಂತ ಗೋಡೆಗೆ ಒರಗಿ ಕೂತಿದ್ರು. ಮೈಕು ಶುರುವಾಯ್ತು. ಎಲ್ಲಾರ ಹೆಸರೂ ಬಂತು. ಮುಗೀತು. ಆಗ ನನ್ನ ಮುಖ ನೋಡಿದ್ರು ಸ್ವಾಮಿ. ನಾನೇನು ಹೇಳ್ಲಿ?”

ಮೇಷ್ಟ್ರು ಕೈಮುಗಿದರು. ಮನೆಗೆ ಬಂದು ಫೈಲು ತೆರೆದು ಗೂಳಯ್ಯನ ಸಾಲನ್ನು ಅಳಿಸಿದರು. ತೀರಿಕೊಂಡವರ ಹೆಸರನ್ನು ಕುಂಕುಮಾರ್ಚನೆಯಲ್ಲಿ ಹೇಳುವುದಿಲ್ಲ. ಆ ಫೈಲಿನಿಂದ ಅವರು ತಿಳಿದು ತಾವೇ ತೆಗೆದ ಸಾಲು ಅದೊಂದೇ.

ಮಾರನೆಯ ಬೆಳಗ್ಗೆ ಮೇಷ್ಟ್ರು ಗುಡ್ಡದ ಮೆಟ್ಟಿಲ ಬಳಿ ಬಂದು ನಿಂತರು. ಸಣ್ಣೀರಮ್ಮ ಇನ್ನೊಂದು ತುದಿಯಲ್ಲಿ, ಬಂದಿಲ್ಲ ಎನ್ನುವ ಹಾಗೆ ಬಂದು ನಿಂತಿದ್ದಳು. ಮೈಕು ಶುರುವಾಯಿತು. ಆ ದಿನ ಹಸ್ತಾ ನಕ್ಷತ್ರ. ಹಸ್ತಾದವರ ಹೆಸರೆಲ್ಲ ಮುಗಿಯಿತು. ಅರ್ಚಕರು ಒಂದು ಕ್ಷಣ ತಡೆದು, ಉಳಿದ ಹೆಸರುಗಳನ್ನು ಹೇಳತೊಡಗಿದರು. ಮೊದಲಿಗೆ ಸಣ್ಣೀರಮ್ಮನ ಹೆಸರು ಬಂತು.

ಅವಳು ಕಣ್ಣು ಮುಚ್ಚಿ ಕೈಮುಗಿದಳು. ಹತ್ತೂ ಹೆಸರು ಮುಗಿಯುವವರೆಗೆ ಕೈ ಇಳಿಸಲಿಲ್ಲ. ಆಮೇಲೆ ಮೇಷ್ಟ್ರ ಹತ್ತಿರ ಬಂದು, “ಅಂತೂ ಪೆಟ್ಟಿಗೆಯಿಂದ ಸೀರೆ ಆಚೆಗೆ ತೆಗೆದ್ರಿ,” ಎಂದಳು. ಮೇಷ್ಟ್ರು ನಗಲು ನೋಡಿದರು.

“ಆದ್ರೆ ಮೇಷ್ಟ್ರೇ, ಮೂವತ್ತು ವರ್ಷದಿಂದ ಗೂಳಯ್ಯನ ಹೆಸರು ಮುಂದೆ, ನನ್ನ ಹೆಸರು ಹಿಂದೆ. ಅವನ ಹೆಸರು ಬಂದ್ರೆ ನಾನು ಸೆರಗು ಸರಿಮಾಡ್ಕೊಂಡು ಎದ್ದು ನಿಂತ್ಕೊತಿದ್ದೆ. ಇವತ್ತು ಸೆರಗು ಸರಿಮಾಡಾಕೂ ಪುರುಸೊತ್ತಾಗಲಿಲ್ಲ,” ಎಂದು ಹೇಳಿ ಎಲೆ ಕೀಳಲು ಹೊರಟುಹೋದಳು.

ಮುಂದಿನ ಅಮಾವಾಸ್ಯೆಗೆ ಎಲೆಯ ಕಟ್ಟು ಮೆಟ್ಟಿಲ ಬಳಿಗೆ ಬಂತು. ಮೇಷ್ಟ್ರು ದಿನಾ ಸಂಜೆ ಆ ಬೇರೆ ಫೈಲನ್ನು ತೆರೆದು ನೋಡುವುದನ್ನು ಬಿಡಲಿಲ್ಲ. ಬಹಳ ದಿನ ಅದು ಖಾಲಿಯೇ ಇರುತ್ತಿತ್ತು. ಆದರೂ ತೆರೆದು ನೋಡುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ತಲೆ ತಗ್ಗಿಸಿ ಯೋಚಿಸಿದ.

“ನನ್ನ ಫೈಲಿನಲ್ಲಿ ಅಂಥ ಸಾಲುಗಳು ಮೂವತ್ತೆರಡು ಇವೆ ಗುರುಗಳೇ,” ಎಂದ. “ಆದರೆ ಅದು ಗುಡಿಯ ಹೆಸರಿನ ಪುಸ್ತಕ, ಇದು ಅರ್ಜಿ. ಅಲ್ಲಿ ಹೆಸರು ಹೇಳಿದರೆ ಮುಗಿಯಿತು, ಇಲ್ಲಿ ಇರುವುದು ನಲವತ್ತೇ ಜಾಗ. ಪೂರ್ತಿ ತುಂಬಿಸದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಎಂದು ಮಠದ ನಿಯಮವೇ ಇದೆ. ನಾನು ಬರೆದದ್ದಲ್ಲ, ಮೊದಲಿನಿಂದಲೂ ಇರುವುದು.”

“ಹೌದು ಮರುಳಸಿದ್ಧ, ಆ ನಿಯಮ ನೀನು ಬಂದ ವರ್ಷವೂ ಇತ್ತು, ನಿನ್ನ ಅರ್ಜಿಯಲ್ಲಿ ಹೆಸರೊಂದೇ ಇತ್ತು,” ಎಂದರು ಗುರುಗಳು.